ಹದಿನೇಳನೇ ಶೆಡ್ಡು ಮುಚ್ಚಿಲ್ಲ, ಸ್ವಾಮಿ

ವಿದೇಶಿ ಉದ್ಯಮ ವಿಶ್ವಾಸ ವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾವು ಮುಚ್ಚಿಲ್ಲ. ಈ ಪತ್ರ ಬರೆಯುತ್ತಿರುವಾಗ ನನ್ನ ಬೆನ್ನ ಹಿಂದೆ ರಬ್ಬರು ಅಚ್ಚೊತ್ತುವ ನಾಲ್ಕು ಪ್ರೆಸ್ಸುಗಳು ಬುಸ್ಸೆನ್ನುತ್ತಾ ಬಾಯಿ ತೆರೆದು ಮುಚ್ಚುತ್ತಿವೆ. ಕಾದ ರಬ್ಬರಿನ ವಾಸನೆ ಮೂಗಿಗೆ ಅಡರಿದೆ. ಐದು ಜನ ಹೆಂಗಸರು ಕೆಲಸ ಮಾಡುತ್ತಿದ್ದಾರೆ, ಆರನೆಯವರಾದ ನಮ್ಮ ಅತ್ತೆ ಕೆಲಸಕ್ಕಿಂತ ತುಸು ಹೆಚ್ಚು ಮಾತಾಡುತ್ತಿದ್ದಾರೆ. ಇಷ್ಟಾದರೂ ತಮ್ಮ ಕಚೇರಿಯ ನೋಟೀಸಿನ ಪ್ರಕಾರ ಕೈಗಾರಿಕಾ ವಸಾಹತಿನ ಹದಿನೇಳನೇ ಶೆಡ್ಡು 'ಶಾಶ್ವತವಾಗಿ ಸ್ಥಗಿತಗೊಂಡ ಘಟಕ'. ಆದ್ದರಿಂದ ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಕರೆಂಟು ಕಡಿಯಲಾಗುತ್ತದೆ. ಕರೆಂಟು ಹೋದರೆ ಪ್ರೆಸ್ಸು ಕಾಯುವುದಿಲ್ಲ, ಪ್ರೆಸ್ಸು ಕಾಯದಿದ್ದರೆ ರಬ್ಬರು ಬೇಯುವುದಿಲ್ಲ. ಆಗ ತಮ್ಮ ನೋಟೀಸು ಅಕ್ಷರಶಃ ನಿಜವಾಗುತ್ತದೆ. ಮೊದಲು ವರದಿ ಬರೆದು, ಆಮೇಲೆ ವಾಸ್ತವವನ್ನು ಅದಕ್ಕೆ ಸರಿಹೊಂದಿಸುವ ತಮ್ಮ ಕಾರ್ಯದಕ್ಷತೆಗೆ ಮೊದಲಿಗೇ ಒಂದು ನಮಸ್ಕಾರ.

ನಾವು ಏನು ಮಾಡುತ್ತೇವೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಕುರ್ಚಿ, ಮೇಜುಗಳ ಕಾಲಿಗೆ ಹಾಕುವ ರಬ್ಬರ್ ಟೋಪಿ ಮಾಡುತ್ತೇವೆ. ತಾವು ಕುರ್ಚಿ ಹಿಂದೆ ಸರಿಸಿ ಎದ್ದು ಹೋದದ್ದು ಹೊರಗೆ ಕಾದು ಕುಳಿತವರಿಗೆ ಕೇಳಿಸದೇ ಇದ್ದರೆ, ಅದರಲ್ಲಿ ನಮ್ಮಂಥವರ ಪಾಲೂ ಇದೆ. ನನ್ನ ಗಂಡ ಪ್ರೆಸ್ಸು ನೋಡಿಕೊಳ್ಳುತ್ತಾರೆ, ನಾನು ವ್ಯವಹಾರ ನೋಡಿಕೊಳ್ಳುತ್ತೇನೆ. ಅತ್ತೆ ಕತ್ತರಿ ಹಿಡಿದು ಟೋಪಿಯ ಅಂಚಿನ ಹೆಚ್ಚುವರಿ ರಬ್ಬರು ಕತ್ತರಿಸುತ್ತಾ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ವಸಾಹತಿನಲ್ಲಿ ಒಂದು ಪದ್ಧತಿಯಿದೆ. ಇಲ್ಲಿ ಇಪ್ಪತ್ತಾರು ಶೆಡ್ಡುಗಳಿವೆ, ಬೆಂಕಿ ಆರಿಸುವ ಸಿಲಿಂಡರ್ ಮಾತ್ರ ಒಂದೇ. ತಪಾಸಣೆಯ ದಿನ ಸಾಹೇಬರು ಒಂದನೇ ಶೆಡ್ಡಿನ ಮುಂಬಾಗಿಲಿನಿಂದ ಹೊರಬೀಳುವಷ್ಟರಲ್ಲಿ ಸಿಲಿಂಡರ್ ಹಿಂಬಾಗಿಲಿನಿಂದ ಎರಡನೇ ಶೆಡ್ಡಿಗೆ ಹೋಗಿ ಗೋಡೆಯ ಮೊಳೆಗೆ ತೂಗಾಡುತ್ತಿರುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಅದರ ಜೊತೆಗೇ ಪ್ರಯಾಣ ಮಾಡುತ್ತದೆ. ಒಮ್ಮೆ ಹದಿಮೂರನೇ ಶೆಡ್ಡಿನಲ್ಲಿ ಸಾಹೇಬರು ಸಿಲಿಂಡರ್ ಮುಟ್ಟಿ ನೋಡಿ, "ಇದ್ಯಾಕಮ್ಮಾ ಇಷ್ಟು ಬೆಚ್ಚಗಿದೆ?" ಎಂದು ಕೇಳಿದ್ದರು. ಹೊತ್ತು ಓಡಿದವರ ಮೈ ಬಿಸಿ ಅದು ಎಂದು ಯಾರೂ ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ನೆರೆಹೊರೆಯವರು ಒಬ್ಬರಿಗೊಬ್ಬರು ಆಗುವುದೆಂದರೆ ಇದೇ ಎಂದು ನಾವೆಲ್ಲ ನಂಬಿದ್ದೆವು.

ಇಂಥ ಸಂಸ್ಕಾರದಲ್ಲಿ ಬೆಳೆದವಳ ಬಳಿಗೆ ಎರಡು ತಿಂಗಳ ಹಿಂದೆ ತಮ್ಮ ಕ್ಷೇತ್ರಾಧಿಕಾರಿಗಳು ಬಂದರು. ಏಷ್ಯಾದ ಉದಯೋನ್ಮುಖ ಮಾರುಕಟ್ಟೆಗಳನ್ನು ನೋಡಲು ವಿದೇಶಿ ಕಂಪನಿಗಳ ನಿಯೋಗ ಹೊರಟಿದೆಯಂತೆ. ಹೋದ ದೇಶದಲ್ಲೆಲ್ಲ ಅವರು ನಲವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಆ ದೇಶದ ಮೇಲಿನ ವಿಶ್ವಾಸಕ್ಕೆ ನೂರಕ್ಕೆ ಇಷ್ಟೆಂದು ಅಂಕ ಹಾಕುತ್ತಾರಂತೆ. ಹೋದ ವರ್ಷ ನಮಗೆ ಬಂದದ್ದು ಅರವತ್ತೆರಡು. ಈ ಸಲ ಎಪ್ಪತ್ತು ದಾಟಲೇಬೇಕು. ಅದಕ್ಕಾಗಿ ರಸ್ತೆಯ ತುದಿಯ ಖಾಲಿ ಶೆಡ್ಡಿಗೆ ಬಣ್ಣ ಬಳಿದು 'ಮಾದರಿ ಉತ್ಪಾದನಾ ಕೇಂದ್ರ' ಎಂದು ಬೋರ್ಡು ಹಾಕಿದ್ದರು. ಬೋರ್ಡು ಇತ್ತು, ಗಾಜಿನ ಬಾಗಿಲಿತ್ತು, ಹೂಕುಂಡಗಳಿದ್ದವು. ಉತ್ಪಾದನೆಯೊಂದು ಇರಲಿಲ್ಲ.

"ಒಂದೇ ಒಂದು ದಿನದ ಮಟ್ಟಿಗೆ ಮಿಷನ್ನು ಕೊಡಿ ಮೇಡಂ. ಜನಾನೂ ನಿಮ್ಮವರೇ ಇರಲಿ. ಕ್ರೇನ್ ನಾವೇ ಕಳಿಸ್ತೀವಿ" ಎಂದರು.

"ಸಾರ್, ಆ ನಿಯೋಗದಲ್ಲಿ ಕುರ್ಚಿ ಕಂಪನಿಯವರೊಬ್ಬರು ಬರ್ತಿದಾರೆ. ನಾನು ಕಳಿಸಿದ ಸ್ಯಾಂಪಲ್ ಅವರಿಗೆ ಹಿಡಿಸಿದೆ. ನಮ್ಮ ಹದಿನೇಳನೇ ಶೆಡ್ಡನ್ನೇ ನೋಡ್ಬೇಕು ಅಂತ ಬರೆದಿದಾರೆ" ಎಂದೆ.

"ಎಲ್ಲಿ ನೋಡಿದ್ರೇನು ಮೇಡಂ? ಮಿಷನ್ನು ಇದ್ದಲ್ಲೇ ಫ್ಯಾಕ್ಟ್ರಿ. ನಾವೇ ಹೇಳ್ತೀವಿ ಬಿಡಿ."

ನಾನು ಹೂಂ ಎಂದೆ. ಸಿಲಿಂಡರ್ ಕೊಟ್ಟ ಕೈ, ಪ್ರೆಸ್ಸನ್ನೂ ಕೊಟ್ಟಿತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಅತ್ತೆಯೊಬ್ಬರು ಮಾತ್ರ ಬರಲು ಒಪ್ಪಲಿಲ್ಲ. "ನನ್ನ ಕತ್ತರಿ ಇಲ್ಲಿದೆ, ನಾನೂ ಇಲ್ಲೇ ಇರ್ತೀನಿ. ನೀವು ಬೇಕಾದ್ರೆ ವೇಷ ಕಟ್ಕೊಂಡು ಹೋಗಿ" ಎಂದು ರಬ್ಬರಿನ ಮೂಟೆಗೆ ಒರಗಿ ಕೂತುಬಿಟ್ಟರು.

ಆ ದಿನ ಮಾದರಿ ಕೇಂದ್ರದಲ್ಲಿ ನಡೆದ ಉತ್ಪಾದನೆಯ ವಿವರ ತಮಗೆ ತಿಳಿದಿರಲಿ. ಆ ಶೆಡ್ಡಿನ ವೈರಿಂಗು ದೀಪ, ಫ್ಯಾನುಗಳಿಗೆ ಸಾಕು, ಪ್ರೆಸ್ಸು ಕಾಯಿಸಲು ಸಾಲದು. ಆದ್ದರಿಂದ ನಾವು ನಮ್ಮ ಶೆಡ್ಡಿನಲ್ಲಿ ಮೊದಲೇ ತಯಾರಾಗಿದ್ದ ಟೋಪಿಗಳನ್ನು ಒಯ್ದು ತಣ್ಣನೆಯ ಪ್ರೆಸ್ಸಿನೊಳಗೆ ಇಡುತ್ತಿದ್ದೆವು, ಮುಚ್ಚುತ್ತಿದ್ದೆವು, ತೆರೆದು ಸಂತೋಷದಿಂದ ಹೊರತೆಗೆಯುತ್ತಿದ್ದೆವು. ಅವೇ ನಲವತ್ತೆಂಟು ಟೋಪಿಗಳು ಬೆಳಗಿನಿಂದ ಮಧ್ಯಾಹ್ನದೊಳಗೆ ಹದಿನಾಲ್ಕು ಸಲ ಹುಟ್ಟಿದವು. ನನ್ನ ಕೊರಳಿಗೆ 'ಉತ್ಪಾದನಾ ವ್ಯವಸ್ಥಾಪಕಿ' ಎಂಬ ಪಟ್ಟಿ ನೇತುಹಾಕಿ, ಮುಗುಳ್ನಗಬೇಕು, ದುಭಾಷಿಯ ಮೂಲಕವೇ ಮಾತಾಡಬೇಕು ಎಂದು ಅಪ್ಪಣೆಯಾಗಿತ್ತು.

ಕುರ್ಚಿ ಕಂಪನಿಯ ಆಕೆ ಬಂದರು. ಐವತ್ತರ ಆಸುಪಾಸಿನ, ಎತ್ತರದ, ಕೈಯಲ್ಲಿ ಪುಟ್ಟ ಟಿಪ್ಪಣಿ ಪುಸ್ತಕ ಹಿಡಿದ ಹೆಂಗಸು. ಟೋಪಿಯೊಂದನ್ನು ಎತ್ತಿ ಹಿಸುಕಿದರು, ಎಳೆದರು, ಮೂಸಿ ನೋಡಿದರು. ನನ್ನ ಕೈ ಕುಲುಕಿದರು. ಆಮೇಲೆ ದುಭಾಷಿ ನನ್ನತ್ತ ತಿರುಗಿ ಹೇಳಿದ: "ಮುಂದೆ ಹದಿನೇಳನೇ ಶೆಡ್ಡಿಗೆ ಹೋಗ್ತಾರಂತೆ. ಅಲ್ಲಿನವರು ನಿಮಗೆ ಗೊತ್ತಾ, ಹೇಗೆ ಜನ, ಅಂತ ಕೇಳ್ತಿದಾರೆ."

'ನಾವೇ ಹೇಳ್ತೀವಿ' ಎಂದಿದ್ದ ಕ್ಷೇತ್ರಾಧಿಕಾರಿಗಳು ಆಕೆಗೆ ಏನೂ ಹೇಳಿರಲೇ ಇಲ್ಲ; ಈಗ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಗೊತ್ತು, ಒಳ್ಳೆ ಜನ" ಎಂದೆ.

ಮಾನ್ಯರೇ, ನನ್ನ ಬಗ್ಗೆ ನಾನೇ ಪಕ್ಕದ ಮನೆಯವಳ ಹಾಗೆ ಸಾಕ್ಷಿ ಹೇಳಿದ ಆ ಗಳಿಗೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ಹೊರಟ ಕೂಡಲೇ ನಾನು ಅಭ್ಯಾಸಬಲದಿಂದ ಹಿಂಬಾಗಿಲು ತೆರೆದು ಗಂಡನಿಗೆ, "ಬೇಗ ರೀ, ಒಂದು ಪ್ರೆಸ್ಸಾದ್ರೂ ಹಿಡ್ಕೊಂಡು ಓಡೋಣ" ಎಂದೆ.

"ತಲೆ ನೆಟ್ಟಗಿದೆಯೇನೇ? ಅದೇನು ಸಿಲಿಂಡರ್ರಾ? ಎಂಟು ಜನ ಹೆಗಲು ಕೊಟ್ರೂ ಅಲ್ಲಾಡಲ್ಲ ಅದು!" ಎಂದರು ಅವರು. ತಮ್ಮ ಕ್ರೇನು ಮರುದಿನ ಬರುವುದಿತ್ತು.

ಹದಿನೇಳನೇ ಶೆಡ್ಡಿನಲ್ಲಿ ಅವರಿಗೆ ಕಂಡದ್ದು ನೆಲದಲ್ಲಿ ಬೋಲ್ಟು ಕಿತ್ತ ಹದಿನಾರು ತೂತು, ಒಂದು ಮೂಟೆ ಮತ್ತು ನಮ್ಮ ಅತ್ತೆ. ಅತ್ತೆ ಸುಳ್ಳು ಹೇಳುವವರಲ್ಲ, ಚಿಕ್ಕದಾಗಿ ಹೇಳುವವರೂ ಅಲ್ಲ. "ಬಾಮ್ಮ, ಕೂತ್ಕೋ. ಇದೇ ಫ್ಯಾಕ್ಟ್ರಿ. ನಿನಗೆ ತೋರಿಸೋಕೆ ಅಂತ ಮಿಷನ್ನೆಲ್ಲ ಎತ್ಕೊಂಡು ಹೋಗಿ ಆ ತುದಿ ಶೆಡ್ಡಲ್ಲಿ ಇಟ್ಟಿದಾರೆ. ಕೊರಳಿಗೆ ಪಟ್ಟಿ ಹಾಕ್ಕೊಂಡು ಒಬ್ಬಳು ಹಲ್ಲು ಕಿರಿದಿರ್ತಾಳೆ ನೋಡು, ಅವಳೇ ನನ್ನ ಸೊಸೆ" ಎಂದು ಎರಡೂ ಕೈಯಿಂದ ಪ್ರೆಸ್ಸು ಎತ್ತಿದ ರೀತಿ, ಕ್ರೇನು ತಿರುಗಿದ ರೀತಿ, ನಾನು ನಕ್ಕ ರೀತಿ ಎಲ್ಲವನ್ನೂ ಅಭಿನಯಿಸಿ ತೋರಿಸಿದರಂತೆ. ಅದನ್ನೆಲ್ಲ ದುಭಾಷಿ ಭಾಷಾಂತರಿಸಿದ್ದು ಹೇಗೆಂದು ತಮ್ಮ ವರದಿಯಿಂದಲೇ ನಮಗೆ ಗೊತ್ತಾಯಿತು: 'ಕಾವಲಿನ ವೃದ್ಧೆಯ ಹೇಳಿಕೆಯಂತೆ ಘಟಕ ಮುಚ್ಚಿದೆ.' ಇಷ್ಟು ಸಂಕ್ಷೇಪವಾಗಿ ಬರೆಯಬಲ್ಲವರು ತಮ್ಮ ಕಚೇರಿಯಲ್ಲಿರುವಾಗ ನಮ್ಮ ಅರ್ಜಿಗಳಿಗೆ ಉತ್ತರ ಬರಲು ತಿಂಗಳುಗಟ್ಟಲೆ ಯಾಕೆ ಬೇಕಾಗುತ್ತದೋ ತಿಳಿಯದು.

ಪರಿಣಾಮ ಅದ್ಭುತವಾಗಿತ್ತು. ವಿಶ್ವಾಸ ಎಪ್ಪತ್ತೊಂದಕ್ಕೆ ಏರಿತು. ಪತ್ರಿಕೆಯಲ್ಲಿ ತಮ್ಮ ಕಚೇರಿಯ ಜಾಹೀರಾತಾಗಿ ನಾನು ಕೈ ಕುಲುಕುವ ಫೋಟೋ ಬಂತು, ಕೆಳಗೆ 'ಹೊಸ ವಿಶ್ವಾಸದ ಮುಖ' ಎಂದಿತ್ತು. ಒಂದು ವಾರ ಕಳೆದ ಮೇಲೆ ಅಂಚೆಯವನು ಎರಡು ಲಕೋಟೆ ತಂದ. "ಇದು ನಿಮಗೆ. ಇದು ಆ ಮಾದರಿ ಕೇಂದ್ರದ ಮ್ಯಾನೇಜರ್ ಮೇಡಂಗೆ ಬಂದಿದ್ದು. ಅಲ್ಲಿ ಬೀಗ ಹಾಕಿದೆ. ಪೇಪರಲ್ಲಿ ನಿಮ್ಮ ಫೋಟೋನೇ ಇತ್ತಲ್ಲಮ್ಮ, ಅದಕ್ಕೆ ಇಲ್ಲಿಗೇ ತಂದೆ" ಎಂದ. ಮೊದಲನೆಯದು ನಾವು ಮುಚ್ಚಿದ್ದೇವೆಂಬ ತಮ್ಮ ನೋಟೀಸು. ಎರಡನೆಯದನ್ನು ನಿಘಂಟು ಹಿಡಿದು ಓದಿದೆ: 'ಹದಿನೇಳನೇ ಶೆಡ್ಡಿನ ಟೋಪಿ ನಮಗೆ ಇಷ್ಟವಾಗಿತ್ತು. ಅದು ಮುಚ್ಚಿಹೋದದ್ದು ಬೇಸರದ ಸಂಗತಿ. ತಮ್ಮ ಟೋಪಿಯೂ ಹೆಚ್ಚುಕಡಿಮೆ ಹಾಗೆಯೇ ಇರುವುದರಿಂದ ಮೊದಲಿಗೆ ಎರಡು ಲಕ್ಷ ತಯಾರಿಸಿ ಕೊಡುವಿರಾ?' ಹೆಚ್ಚುಕಡಿಮೆಯಂತೆ! ಒಂದೇ ಅಚ್ಚಿನಲ್ಲಿ, ಒಂದೇ ಕೈಯಿಂದ ಬಂದ ಟೋಪಿ ಅವು. ಇಲ್ಲದ ಕಾರ್ಖಾನೆಗೆ ಆರ್ಡರು, ಇರುವ ಕಾರ್ಖಾನೆಗೆ ತಿಥಿ. ನಗಬೇಕೋ ಅಳಬೇಕೋ ಗೊತ್ತಾಗದೆ ಆ ಮಧ್ಯಾಹ್ನ ನಾನು ಊಟವನ್ನೇ ಮಾಡಲಿಲ್ಲ.

ಮೂರು ಸಲ ಅರ್ಜಿ ಬರೆದೆ. ಮೂರಕ್ಕೂ ಸೇರಿಸಿ ಬಂದ ಒಂದು ಉತ್ತರ ಹೀಗಿತ್ತು: 'ಸ್ಥಗಿತ ಘಟಕಗಳ ಅರ್ಜಿಯನ್ನು ಪರಿಗಣಿಸಲು ಅವಕಾಶವಿಲ್ಲ. ಚಾಲ್ತಿಯಲ್ಲಿರುವ ಘಟಕಗಳು ಮಾತ್ರ ಅರ್ಜಿ ಸಲ್ಲಿಸತಕ್ಕದ್ದು.' ಕ್ಷೇತ್ರಾಧಿಕಾರಿಗಳನ್ನೇ ಶೆಡ್ಡಿಗೆ ಕರೆತಂದು ಕಾದ ಪ್ರೆಸ್ಸಿನ ಮುಂದೆ ನಿಲ್ಲಿಸಿದೆ. ಬೆವರು ಒರೆಸಿಕೊಳ್ಳುತ್ತಾ, "ನನ್ನ ಕಣ್ಣಿಗೆ ಕಾಣ್ತಿದೆ ಮೇಡಂ, ಫೈಲಿಗೆ ಕಾಣ್ಬೇಕಲ್ಲ" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ತಮ್ಮ ಕಚೇರಿಯಲ್ಲಿ ಕನ್ನಡಿಗೂ ಮೂರು ಪ್ರತಿ, ಮೇಲೆ ಸಹಿ ಬೇಕು. ನಮ್ಮನ್ನು ಮತ್ತೆ ತೆರೆದ ಘಟಕವೆಂದು ಬರೆದರೆ ಆ ದಿನ ಮಾದರಿ ಕೇಂದ್ರದಲ್ಲಿದ್ದ ಮಿಷನ್ನು ಯಾರದ್ದೆಂಬ ಪ್ರಶ್ನೆ ಏಳುತ್ತದೆ, ಆಗ ಎಪ್ಪತ್ತೊಂದು ಅಂಕದ ಗತಿ ಏನಾಗಬೇಕು, ಎಂದೂ ಆ ಕ್ಷೇತ್ರಾಧಿಕಾರಿಗಳೇ ಗುಟ್ಟಾಗಿ ಹೇಳಿದರು. ಅಂದರೆ ಆ ಒಂಬತ್ತು ಅಂಕ ಉಳಿಯಬೇಕಾದರೆ ನಾವು ಸತ್ತಿರಬೇಕು. ವಿದೇಶಿಯರಿಗೆ ನಮ್ಮ ಮೇಲೆ ವಿಶ್ವಾಸ ಹುಟ್ಟಿಸಲು ನಮ್ಮನ್ನೇ ಇಲ್ಲವಾಗಿಸುವ ಈ ಉಪಾಯ ತಮಗೆ ಹೇಗೆ ಹೊಳೆಯಿತು? ಆ ನಲವತ್ತು ಪ್ರಶ್ನೆಗಳಲ್ಲಿ ಒಂದನ್ನಾದರೂ ಇಲ್ಲಿ ಕೆಲಸ ಮಾಡುವವರಿಗೆ ಕೇಳಿದ್ದರೆ ಏನು ಕಳೆದುಹೋಗುತ್ತಿತ್ತು?

ನನ್ನ ಗಂಡ, "ಹೋಗ್ಲಿ ಬಿಡೇ, ಆ ಕೇಂದ್ರದ ಹೆಸರಲ್ಲೇ ಮಾಡಿ ಕಳಿಸೋಣ" ಎಂದರು. ಆಸೆ ನನಗೂ ಆಯಿತು, ಸುಳ್ಳೇಕೆ ಹೇಳಲಿ. ಎರಡು ಲಕ್ಷ ಟೋಪಿಯೆಂದರೆ ಈ ಐದು ಜನಕ್ಕೆ ಎಂಟು ತಿಂಗಳು ತಡೆಯಿಲ್ಲದ ಕೆಲಸ. ಆದರೆ ಇಪ್ಪತ್ತೆರಡು ವರ್ಷ ದುಡಿದ ಹೆಸರನ್ನು ಹೂಕುಂಡಕ್ಕೆ ಬರೆದುಕೊಡಲು ಹೊಟ್ಟೆ ಉರಿಯಿತು. ಮೂರು ವಾರದ ಹಿಂದೆ ನಿಘಂಟು ತೆರೆದು ಕುಳಿತು ಆ ಕುರ್ಚಿ ಕಂಪನಿಯ ಹೆಂಗಸಿಗೆ ನಾನೇ ಬರೆದೆ. ನೀವು ಕೈ ಕುಲುಕಿದ ವ್ಯವಸ್ಥಾಪಕಿ ನಾನೇ, ನಾನು ಒಳ್ಳೆ ಜನ ಎಂದದ್ದು ನನ್ನನ್ನೇ, ತಪ್ಪಾಯಿತು, ಪ್ರೆಸ್ಸುಗಳು ಈಗ ತಮ್ಮ ಜಾಗಕ್ಕೆ ಬಂದಿವೆ, ಆರ್ಡರು ಕೊಡುವುದಿದ್ದರೆ ಹದಿನೇಳನೇ ಶೆಡ್ಡಿಗೆ ಕೊಡಿ, ಇಲ್ಲವಾದರೆ ಬೇಡ, ಎಂದು.

ನಿನ್ನೆ ಉತ್ತರ ಬಂತು. ಮುಂದಿನ ತಿಂಗಳು ಹನ್ನೆರಡನೇ ತಾರೀಖು ಬರುತ್ತಾರಂತೆ, ಒಬ್ಬರೇ, ಯಾವ ಏರ್ಪಾಡೂ ಬೇಡವಂತೆ. ಕೊನೆಯಲ್ಲಿ ಹೀಗೆ ಬರೆದಿದ್ದಾರೆ: 'ಅಂದು ಆ ಹಿರಿಯರು ಇರುತ್ತಾರೆಯೇ? ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ದುಭಾಷಿ ಒಂದೇ ಮಾತಿನಲ್ಲಿ ಮುಗಿಸಿದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. ಈ ಸಲ ನನ್ನದೇ ದುಭಾಷಿಯನ್ನು ಕರೆತರುತ್ತೇನೆ.'

ಅತ್ತೆಗೆ ಓದಿ ಹೇಳಿದೆ. "ಬರ್ಲಿ, ಬರ್ಲಿ" ಎಂದು ಕತ್ತರಿ ಕೆಳಗಿಟ್ಟವರು ಇನ್ನೂ ಎತ್ತಿಲ್ಲ. ಏನೇನು ಹೇಳಬೇಕೆಂದು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಾರೆ. ಸಿಲಿಂಡರ್ ವಿಷಯದಿಂದಲೇ ಶುರು ಮಾಡುವ ಅಂದಾಜಿದೆ.

ಆದ್ದರಿಂದ ನನ್ನ ಬೇಡಿಕೆ ಬಹಳ ಸಣ್ಣದು. ಶುಕ್ರವಾರದೊಳಗೆ ಹದಿನೇಳನೇ ಶೆಡ್ಡನ್ನು ಸ್ಥಗಿತ ಪಟ್ಟಿಯಿಂದ ತೆಗೆದು, ಶನಿವಾರದ ಲೈನ್‌ಮ್ಯಾನನನ್ನು ಬೇರೆ ಕೆಲಸಕ್ಕೆ ಕಳಿಸಿ. ಇದು ಬೆದರಿಕೆಯಲ್ಲ, ನಮ್ಮ ಮನೆಯ ಸ್ಥಿತಿಯನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ ಅಷ್ಟೇ. ಹನ್ನೆರಡನೇ ತಾರೀಖು ಕರೆಂಟು ಇದ್ದರೆ ನಮ್ಮ ಅತ್ತೆಗೆ ಕೈತುಂಬ ಕೆಲಸ ಇರುತ್ತದೆ. ಕರೆಂಟು ಇಲ್ಲದಿದ್ದರೆ ಅವರು ಇಡೀ ದಿನ ಬಿಡುವಾಗಿರುತ್ತಾರೆ.

ಇಂತಿ,
ತಮ್ಮ ದಾಖಲೆಯಲ್ಲಿ ತೀರಿಕೊಂಡು, ತಮ್ಮ ಜಾಹೀರಾತಿನಲ್ಲಿ ಇನ್ನೂ ಕೈ ಕುಲುಕುತ್ತಿರುವ
ಹದಿನೇಳನೇ ಶೆಡ್ಡಿನ ರಬ್ಬರ್ ಟೋಪಿಯವಳು