ತೊಂಬತ್ತೊಂದು ಅಂಕ

ಅಪ್ಪ,

ನೀನೀಗ ಇಲ್ಲ, ಇದನ್ನು ಓದುವುದಿಲ್ಲ ಅನ್ನೋ ಧೈರ್ಯದ ಮೇಲೇ ಬರೀತಿದ್ದೀನಿ. ಇವತ್ತು ನಗರಸಭೆಯ ನೀರು ಸರಬರಾಜು ಆಫೀಸಿನಲ್ಲಿ ನನ್ನ ಬೀಳ್ಕೊಡುಗೆ ಇತ್ತು. ಕೇಕ್ ಕತ್ತರಿಸುವಾಗ ಹೊಸದಾಗಿ ಸೇರಿದ ಬಿಳಿ ಎಂಜಿನಿಯರ್ ಒಬ್ಬ ನಗುತ್ತಲೇ ಕೇಳಿದ: "ಮೊದಲ ಕಪ್ಪು ಮೇಯರ್ ಬಂದ ವರ್ಷವೇ ಅಲ್ವಾ ಸಾರ್ ನೀವು ಸೇರಿದ್ದು? ಆಗ ನಿಮ್ಮವರಿಗೆಲ್ಲ ಇಲ್ಲಿ ಕೆಲಸ ಸಿಕ್ತಂತೆ."

ಎಲ್ಲರೂ ನನ್ನನ್ನೇ ನೋಡಿದರು.

"ನಂಗ್ಯಾರೂ ಕೆಲಸ ಕೊಡಿಸಿಲ್ಲಪ್ಪ. ಪರೀಕ್ಷೆ ಬರೆದೆ, ತೊಂಬತ್ತೊಂದು ಅಂಕ ತಗೊಂಡೆ" ಅಂದುಬಿಟ್ಟೆ. ಚಪ್ಪಾಳೆ ಬಿತ್ತು.

ಲುವೆಲಾ ಆಂಟಿಯೂ ಬಂದಿದ್ದರು. ಆ ಮೇಯರ್ ಚುನಾವಣೆಯಲ್ಲಿ, ಕೊರೆಯುವ ಚಳಿಯಲ್ಲಿ, ಕುಂಟುವ ನಿನ್ನ ಜೊತೆ ನಮ್ಮ ಕಪ್ಪು ಜನರಿದ್ದ ಈಸ್ಟ್ ಸೈಡಿನ ಮನೆಮನೆಗೂ ಹೋಗಿ ಓಟು ಕೇಳಿದವರು. ನೀವಿಬ್ಬರೂ ಹಾಗೆ ಸುತ್ತುವಾಗ ನಾನು ನಕ್ಕಿದ್ದೆ. ಅವರು ಕೇಕಿನ ತಟ್ಟೆಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಕೇಳಿದರು: "ಅಲ್ವೋ ಕ್ಲೀಟಸ್, ಅಷ್ಟೊಂದು ಬುದ್ಧಿ ನಿಂಗೆ ಆ ವರ್ಷವೇ ಬಂತೇನೋ?"



ಮನೆಗೆ ಬಂದು ನಿನ್ನ ಬೈಬಲ್ ತೆಗೆದೆ. ನಾನು ಕೆಲಸಕ್ಕೆ ಸೇರುವುದಕ್ಕೂ ಮುಂಚಿನ ಎರಡು ವರ್ಷ ನನಗೆ ಕೆಲಸವಿಲ್ಲ ಅಂತ ಅದೇ ಆಫೀಸು ಕಳಿಸಿದ್ದ ಎರಡು ಪತ್ರಗಳನ್ನು ನೀನು ಅದರೊಳಗೆ ಜೋಪಾನವಾಗಿ ಇಟ್ಟಿದ್ದೆ. ಎರಡರಲ್ಲೂ ನನ್ನ ಅಂಕ ತೊಂಬತ್ತೊಂದೇ, ಅಪ್ಪ.