ಪದ್ದು ಬಂದಳೋ ಇಲ್ಲವೋ

19 ನವೆಂಬರ್ 2024, ಮಂಗಳವಾರ
ಬ್ರಹ್ಮಾವರ

ಇವತ್ತು ಉಪ್ಪುಂದಕ್ಕೆ ಹೋಗಬಾರದಿತ್ತೇನೋ. ಆದರೆ ಭಾನುವಾರದಿಂದ ನನಗೆ ನೆಮ್ಮದಿಯೇ ಇರಲಿಲ್ಲ.

ಇಗರ್ಜಿಯ ಪರವಾಗಿ ನಾನು ನಡೆಸುವ ಆನ್‌ಲೈನ್ ಪ್ರಾರ್ಥನಾ ಕೋಣೆಗೆ ಎಲ್ಲರೂ ಫೋನಿನ ಪರದೆಯ ಮೇಲೆ ಒಂದೊಂದು ಗೊಂಬೆಯ ರೂಪದಲ್ಲಿ ಬಂದು ಕೂರುತ್ತಾರೆ. ಹಳದಿ ಸೀರೆಯ ಗೊಂಬೆ ಉಪ್ಪುಂದದಲ್ಲಿ ಮೀನು ಮಾರುವ ಪದ್ದುವಿನದು. ಭಾನುವಾರ ಉಳಿದವರೆಲ್ಲ ಹೋದ ಮೇಲೆ, "ಐರಿನಕ್ಕ, ನಂಗೆ ಬದ್ಕೂಕೇ ಮನ್ಸಿಲ್ಲೆ" ಎಂದು ಅತ್ತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗೊಂಬೆ ಮಾಯ. ನಿನ್ನೆಯೂ ಬರಲಿಲ್ಲ.

ಮುಖ ಕಂಡವಳಲ್ಲದಿದ್ದರೂ ಮೀನು ಮಾರುಕಟ್ಟೆಯಲ್ಲಿ ಅವಳನ್ನು ದನಿಯಿಂದಲೇ ಗುರುತು ಹಿಡಿದೆ. ಬದುಕಿದ್ದಾಳಲ್ಲ ದೇವರೇ! ನನ್ನ ಹೆಸರು ಹೇಳಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಇಲ್ಲಿಗ್ ಎಂತಕ್ ಬಂದ್ರಿ ಅಕ್ಕ? ಅತ್ತೆಗ್ ಗೊತ್ತಾರೆ ಮೊಬೈಲ್ ಕಸ್ಕಂತ್ರ್."

"ಯಾರೇ ಅದ್?" ಪಕ್ಕದ ಬುಟ್ಟಿಯ ಹಿಂದಿನಿಂದ ಅವಳ ಅತ್ತೆ ಕೇಳಿದರು.

"ಬಂಗುಡೆಗೆ ಬಂದೆ" ಎಂದೆ. ಅವರ ಕಣ್ಣು ನನ್ನ ಕೊರಳಿನ ಶಿಲುಬೆಯ ಮೇಲೇ ಇತ್ತು. ಅದನ್ನು ಸೆರಗಿನೊಳಗೆ ಸೇರಿಸಿಕೊಳ್ಳಲು ನನಗೇಕೆ ಹೊಳೆಯಲಿಲ್ಲ? ಮತಾಂತರದ ಮಾತೆದ್ದರೆ ನನಗಿಂತ ಮೊದಲು ಪದ್ದುವಿಗೇ ಕಷ್ಟ.

ಸಂಜೆ ಏಳಕ್ಕೆ ಹಳದಿ ಸೀರೆಯ ಗೊಂಬೆ ಬಂತು. ಮಾತಿಲ್ಲ. "ಪದ್ದೂ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಫೋನು ಅತ್ತೆಯ ಕೈಯಲ್ಲಿದ್ದರೆ? ದುಃಖದಲ್ಲಿರುವವರಿಗಾಗಿ ಎಂದಷ್ಟೇ ಹೇಳಿ, ಯಾರ ಹೆಸರೂ ಎತ್ತದೆ ಪ್ರಾರ್ಥನೆ ಮುಗಿಸಿದೆ. ಎಲ್ಲರೂ ಹೋದರೂ ಆ ಗೊಂಬೆ ಕೂತೇ ಇತ್ತು. ಕೇಳುವವರು ಯಾರೇ ಆಗಿರಲಿ ಎಂದುಕೊಂಡು, "ನಾನ್ ಇಲ್ಲೇ ಇರ್ತೆ" ಎಂದೆ.

ಬಹಳ ಹೊತ್ತಿನ ಮೇಲೆ ಯಾರೋ ಮೂಗೆಳೆದ ಸದ್ದು ಕೇಳಿಸಿತು. ಅವಳದೇ ಇರಬೇಕು. ಅವಳದೇ ಆಗಿರಲಿ ದೇವರೇ, ನಾಳೆ ಒಂದು ಮಾತಾದರೂ ಆಡಲಿ.