ಪಂಕ್ತಿಯಿಂದ ಏಳದ ಅಣ್ಣ

ಹೊಸನಗರ
೩–೧೨–೧೯೭೯, ಸೋಮವಾರ

ಪ್ರೀತಿಯ ಅತ್ತಿಗೆಮ್ಮಾ,

ನಿಮ್ಮ ಮೈದುನ ರತ್ನಾಕರನ ನಮಸ್ಕಾರ. ಆರೋಗ್ಯ ಹೇಗಿದೆ? ಚಳಿ ಬಿದ್ದರೆ ನಿಮ್ಮ ಹಿಮ್ಮಡಿ ಒಡೆದು ನಡೆಯಲಿಕ್ಕೇ ಆಗುತ್ತಿರಲಿಲ್ಲ, ಈ ಸಲ ಪರವಾಗಿಲ್ಲವೇ? ನಿಮ್ಮ ಅಪ್ಪಯ್ಯನ ಉಬ್ಬಸ ಕಡಿಮೆಯಾಯಿತೇ? ತಮ್ಮನ ಹೆಂಡತಿ ಮನೆಗೆ ಹೊಂದಿಕೊಂಡಳೇ? ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ನೀವು ಸಾಕಿದ ಎಮ್ಮೆ ಹೆಣ್ಣು ಕರು ಹಾಕಿದೆ, ಹಾಲು ಕರೆಯಲು ಅವ್ವನನ್ನು ಹತ್ತಿರ ಬಿಡುತ್ತದೆ, ನನ್ನನ್ನು ಕಂಡರೆ ಒದೆಯುತ್ತದೆ. ನಾನು ಕೆಲಸ ಬಿಟ್ಟಿಲ್ಲ. ನೀವು ನಗುತ್ತೀರಿ ಎಂದು ಗೊತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಸಾಗರದ ಸಾಮಿಲ್ಲಿನಲ್ಲಿ ನಿಲ್ಲಲಿಲ್ಲ, ಲಿಂಗನಮಕ್ಕಿಯ ವರ್ಕ್‌ಶಾಪಿನಲ್ಲಿ ನಿಲ್ಲಲಿಲ್ಲ, ಸೈನ್ಯಕ್ಕೆ ಸೇರುತ್ತೇನೆಂದು ಶಿವಮೊಗ್ಗಕ್ಕೆ ಹೋಗಿ ಸಿನಿಮಾ ನೋಡಿಕೊಂಡು ಬಂದೆ. ಈ ಬಸ್ಸಿನ ಕಂಡಕ್ಟರ್ ಕೆಲಸದಲ್ಲಿ ಮಾತ್ರ ಹೇಗೋ ಉಳಿದಿದ್ದೇನೆ. ಬಸ್ಸೇ ಓಡುತ್ತಿರುವುದರಿಂದ ನಾನು ಓಡಿಹೋಗುವ ಅಗತ್ಯ ಬೀಳುವುದಿಲ್ಲ ಎಂದು ಅಣ್ಣ ಹೇಳುತ್ತಾನೆ.

ಅಣ್ಣನ ವಿಷಯಕ್ಕೇ ಈ ಕಾಗದ. ಬಳಸಿ ಬರೆಯಲು ನನಗೆ ಬರುವುದಿಲ್ಲ ಅತ್ತಿಗೆಮ್ಮಾ. ಅಣ್ಣನ ಜೀವಕ್ಕೆ ಅಪಾಯವಿದೆ. ಉಳಿಯುವ ದಾರಿಯೂ ಒಂದಿದೆ. ಅದಕ್ಕೆ ಅವನು ಒಪ್ಪುತ್ತಿಲ್ಲ.

ನಿಮಗೆ ಎಲ್ಲ ಗೊತ್ತು. ಆದರೂ ಮಂಜುನಾಥಪ್ಪ ಮಾವನಿಗೆ, ಅಂದರೆ ನಿಮ್ಮ ಅಪ್ಪಯ್ಯನಿಗೆ, ನೀವು ಓದಿ ಹೇಳಬಹುದೆಂದು ಮೊದಲಿನಿಂದ ಬರೆಯುತ್ತೇನೆ. ಅವರು ನಮ್ಮನ್ನು ಸುಳ್ಳುಗಾರರೆಂದು ತಿಳಿದಿದ್ದಾರಲ್ಲ. ಹೋದ ವರ್ಷ ಅಣ್ಣ ಮಲಗಿ ನಿದ್ದೆ ಮಾಡುವುದನ್ನೇ ಬಿಟ್ಟಿದ್ದ. ಅಷ್ಟು ದೊಡ್ಡ ಮೈ ಹೊತ್ತು ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ, ನೀವು ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದಿರಿ. ಹೀಗೇ ಆದರೆ ಎದೆ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಬೊಂಬಾಯಿಗೆ ಹೋದದ್ದು. ಅಲ್ಲಿ ಪರದೇಶದಲ್ಲಿ ಕಲಿತು ಬಂದ ಒಬ್ಬ ಸರ್ಜನ್ ಹೊಟ್ಟೆ ಕೊಯ್ದರು. ಏನು ಮಾಡಿದರೆಂದು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಸಾಗರದಿಂದ ಹೊಸನಗರಕ್ಕೆ ಬರುವ ಬಸ್ಸು ನಡುವಿನ ಊರಿನಲ್ಲೆಲ್ಲ ನಿಂತು ಜನ ಇಳಿಸಿ ಬರುತ್ತದೆ. ಉಂಡ ಅನ್ನವೂ ಕರುಳಿನಲ್ಲಿ ಹಾಗೇ ನಿಂತು ನಿಂತು ಮೈಗೆ ಸೇರುತ್ತದಂತೆ. ಆ ಸರ್ಜನ್ ಕರುಳಿನ ಮೇಲಿನ ತುದಿಯನ್ನು ತಂದು ಕೆಳಗಿನ ತುದಿಗೆ ಹೊಲಿದರು. ಬಸ್ಸು ಒಳದಾರಿ ಹಿಡಿಯಿತು, ನಡುವಿನ ಊರುಗಳಿಗೆ ಯಾರೂ ಇಳಿಯಲಿಲ್ಲ. ಅಣ್ಣನ ಮೈ ಕರಗಿತು. ಮೈಗೆ ಬೇಕಾದ ಸತ್ವವೂ ಇಳಿಯದೆ ಹೋಯಿತು. ಇದು ಕ್ಷಯ ಅಲ್ಲ, ಯಾರಿಗೂ ಅಂಟುವ ರೋಗ ಅಲ್ಲ. ತೆಳ್ಳಗಾಗಲಿಕ್ಕೆ ಯಾರಾದರೂ ಹೊಟ್ಟೆ ಕೊಯ್ಸಿಕೊಳ್ಳುತ್ತಾರೆಯೇ ಎಂದು ಮಾವ ಕೇಳಿದ್ದರಲ್ಲ, ಕೊಯ್ಸಿಕೊಳ್ಳುತ್ತಾರೆ. ಅಣ್ಣ ಕೊಯ್ಸಿಕೊಂಡ.

ನೀವು ತವರಿನಲ್ಲೇ ಉಳಿದ ಮೇಲೆ ಅವನು ಇನ್ನೂ ಇಳಿದಿದ್ದಾನೆ. ಈಗಲೂ ಬಸ್ಸಿನ ಬಾಗಿಲಲ್ಲಿ ಅಡ್ಡಡ್ಡವಾಗಿಯೇ ಹತ್ತುತ್ತಾನೆ, ಇಬ್ಬರು ನುಗ್ಗುವಷ್ಟು ಜಾಗ ಉಳಿದಿರುತ್ತದೆ. ತಾನು ನಡೆಸುವ ಗಿರಣಿಯ ಬೆಂಚಿನ ಮೇಲೆ ಮುರಿದೀತೆಂಬಂತೆ ನಿಧಾನವಾಗಿ ಕೂರುತ್ತಾನೆ. ಮೊದಲು ನಮ್ಮ ಡ್ರೈವರ್ ತಿಮ್ಮಣ್ಣ ಅವನನ್ನು ಕಂಡ ಕೂಡಲೇ, “ಗೌಡ್ರೇ, ಎಡಗಡೆ ಕೂರ್ಬೇಡಿ ಮಾರಾಯ್ರೆ, ಬಸ್ಸು ತುಂಗೆಗೆ ನೀರು ಕುಡಿಯಕ್ಕೆ ಹೋಗುತ್ತೆ” ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅಣ್ಣನೂ, “ನಿನ್ ಹೆಂಡ್ತಿ ಹೊಳೆದಂಡೇಲೇ ಬಟ್ಟೆ ಒಗೀತಿದ್ಲು, ಕರ್ಕೊಂಡೇ ಬರಣ ನಡಿ” ಎನ್ನುತ್ತಿದ್ದ. ಈಗ ತಿಮ್ಮಣ್ಣ ಇಳಿದು ಬಂದು ಕೈ ಕೊಡುತ್ತಾನೆ, “ಹುಷಾರು ಗೌಡ್ರೆ, ಮೆಟ್ಟಿಲು ಎತ್ತರ ಇದೆ” ಎನ್ನುತ್ತಾನೆ. ಒಂದು ದಿನ ಅಣ್ಣ ನನ್ನ ಹತ್ತಿರ, “ಅವ್ನು ನನ್ನ ಗೇಲಿ ಮಾಡದೆ ಎಷ್ಟು ಕಾಲ ಆಯ್ತೋ ರತ್ನಾಕರ” ಅಂದ. ಆ ಗೇಲಿಯನ್ನು ಅವನು ದ್ವೇಷಿಸುತ್ತಾನೆಂದು ನಾನು ಅಂದುಕೊಂಡಿದ್ದೆ. ದ್ವೇಷಿಸುತ್ತಲೂ ಇದ್ದ. ಆದರೆ ಅದು ಹೋದ ಮೇಲೆ ಅವನ ಜೊತೆ ಆಡಲು ಊರಿನವರಿಗೆ ಬೇರೆ ಮಾತೇ ಉಳಿದಿಲ್ಲ.

ತೀರ್ಥಹಳ್ಳಿಯ ಕಬ್ಬಿಣದ ಅಂಗಡಿಯಲ್ಲಿ ಇನ್ನೊಂದು ನಡೆಯಿತು. ಗಿರಣಿಗೆ ಬೋಲ್ಟು ತರಲು ಹೋದಾಗ ಅಂಗಡಿಯವರು ಇವನೇ ದುಗ್ಗಪ್ಪನೆಂದು ಗುರುತು ಸಿಗದೆ ಮುಖವನ್ನೇ ನೋಡುತ್ತಾ, “ನೀವು ಹೊಸನಗರದ ದುಗ್ಗಪ್ಪಗೌಡ್ರ ತಮ್ಮ ಅಲ್ವಾ? ಅಣ್ಣ ಚೆನ್ನಾಗಿದ್ದಾರಾ? ಈಚೆಗೆ ಬರೋದೇ ಇಲ್ವಲ್ಲ” ಎಂದು ಕೇಳಿದರು. ಅಣ್ಣ, “ಅವ್ರಿಗೆ ಮೊದ್ಲಿನಂಗೆ ಓಡಾಡಕ್ಕೆ ಆಗಲ್ಲ” ಎಂದ. ಬೋಲ್ಟು ತೆಗೆದುಕೊಂಡು ಬಂದ. ದಾರಿಯುದ್ದಕ್ಕೂ ನಗುತ್ತಾ ಈ ಕಥೆ ಹೇಳಿದ, ಹೇಳುತ್ತಾ ಹೇಳುತ್ತಾ ಕಿಟಕಿಯ ಕಡೆ ತಿರುಗಿ ಕೂತ.

ಅವನಿಗೆ ಈಗ ಎಲ್ಲಿಗೆ ಹೋದರೂ ಒಂದೇ ಯೋಚನೆ. ಏನು ತಿಂದರೂ ಹೊಟ್ಟೆ ತಡೆಯುವುದಿಲ್ಲ, ಹೊತ್ತುಗೊತ್ತಿಲ್ಲದೆ ಕಳಚಿಕೊಳ್ಳುತ್ತದೆ. ಮೊದಲೆಲ್ಲ ಯಾವ ಊರಿನಲ್ಲಿ ಯಾರ ಹೋಟೆಲಿನ ದೋಸೆ ಚೆಂದ ಎಂದು ಹೇಳುತ್ತಿದ್ದವನು ಈಗ ಯಾವ ತಿರುವಿನಲ್ಲಿ ಪೊದೆಯಿದೆ, ಯಾವ ಮೋರಿಯ ಪಕ್ಕ ನೀರಿದೆ ಎಂದು ಬಲ್ಲ. ನಮ್ಮ ಬಸ್ಸಿನಲ್ಲಿ ಬಂದರೆ ನನಗೆ ಅವನ ಮುಖ ನೋಡಿದರೇ ತಿಳಿಯುತ್ತದೆ. ವಿಸಲ್ ಊದಿ, “ತಿಮ್ಮಣ್ಣ, ಹಿಂದಿನ ಟೈರ್ ಯಾಕೋ ಸರಿ ಇಲ್ಲ, ನೋಡಣ” ಎನ್ನುತ್ತೇನೆ. ತಿಮ್ಮಣ್ಣನೂ ಇಳಿದು ಟೈರಿಗೆ ಕಲ್ಲಿನಿಂದ ಕುಟ್ಟುತ್ತಾ ನಿಲ್ಲುತ್ತಾನೆ. ಅಣ್ಣ ಕಾಡಿನ ಕಡೆಯಿಂದ ವಾಪಸ್ ಬಂದ ಮೇಲೇ ಟೈರು ಸರಿಯಾಗುವುದು. ಯಾರೋ ಹೆಂಗಸು, “ಈ ಬಸ್ಸಿನ ಟೈರು ದಿನಾ ಇಲ್ಲೇ ಕೆಡುತ್ತಲ್ಲ” ಎಂದು ಗೊಣಗಿದಳು. ಅಣ್ಣ ಕೇಳಿಸಿಕೊಂಡ. ಆಮೇಲೆ ತೀರಾ ಅಗತ್ಯವಿದ್ದರೆ ಹೊರತು ಬಸ್ಸು ಹತ್ತುವುದಿಲ್ಲ.

ಅವನ ಹೊಟ್ಟೆಯ ಚರ್ಮ ಖಾಲಿ ಚೀಲದಂತೆ ಮಡಿಕೆ ಬಿದ್ದು ತೊಡೆಯವರೆಗೆ ಜೋತಿದೆ. ಮೊದಲು ಅಭ್ಯಂಜನಕ್ಕೆ ಅವ್ವನ ಮುಂದೆ ಗುಡ್ಡದ ಹಾಗೆ ಕೂತು, “ಇಷ್ಟು ಬೆನ್ನು ತಿಕ್ಕಕ್ಕೆ ಆಳು ಬೇಕು ಕಣವ್ವ” ಎನ್ನುತ್ತಿದ್ದವನು ಈಗ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಾನೆ. ಅವ್ವ ಎಣ್ಣೆ ಬಟ್ಟಲು ಹಿಡಿದು ಹೊರಗೆ ನಿಂತಿರುತ್ತಾಳೆ. ಮಲಗುವುದೂ ಗಿರಣಿಯಲ್ಲೇ. ನೀವಿದ್ದಾಗಲೇ ಅದು ಶುರುವಾಗಿತ್ತು, ಅಲ್ಲವೇ? ಅದನ್ನು ಕೇಳುವ ವಯಸ್ಸು ನನ್ನದಲ್ಲ. ನಿಮ್ಮ ಮೇಲೆ ಬೇಸರದಿಂದ ಅವನು ಹಾಗೆ ಮಾಡಲಿಲ್ಲ, ತನ್ನ ಮೈ ಯಾರೂ ನೋಡಬಾರದೆಂದು ಮಾಡಿದ ಎಂದಷ್ಟೇ ಹೇಳುತ್ತೇನೆ.

ಈಗ ಬೇಸಿಗೆಯ ಆ ಬೀಗರೂಟದ ವಿಷಯ. ಯಾರೂ ಅದನ್ನು ಬಾಯಿಬಿಟ್ಟು ಮಾತಾಡಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು. ನಿಮ್ಮ ತಮ್ಮನ ಮದುವೆ, ಅಣ್ಣ ಮನೆಯ ಅಳಿಯ. ಮೊದಲು ಅವನು ಪಂಕ್ತಿಯಲ್ಲಿ ಕೂತರೆ ಮಾವನಿಗೆ ಎಷ್ಟು ಹೆಮ್ಮೆ ಇತ್ತು, “ನಮ್ಮ ಅಳಿಯ ಕೂತ್ರೆ ಅಡಿಗೆಯವ್ನಿಗೆ ಮರ್ಯಾದೆ” ಎನ್ನುತ್ತಿದ್ದರು. ಆವತ್ತೂ ಹಿರಿಯರ ಸಾಲಿನಲ್ಲೇ ಎಲೆ ಹಾಕಿಸಿದರು. ಅಣ್ಣ ಒಂದು ಕಡುಬು ಮುರಿದು ಸಾರಿಗೆ ಅದ್ದಿಕೊಂಡು ಕೂತಿದ್ದ. ನಿಮ್ಮ ಚಿಕ್ಕಪ್ಪಂದಿರು ಬಿಡಬೇಕಲ್ಲ. “ಬೊಂಬಾಯಿಗೆ ಹೋಗಿ ಬಂದೋರಿಗೆ ನಮ್ಮ ಕುರಿ ಸಾರು ಸೇರಲ್ವಾ?” ಎಂದರು. “ಎಲೆ ಖಾಲಿ ಮಾಡದೆ ಎದ್ರೆ ಮದುಮಗನಿಗೆ ಒಳ್ಳೇದಲ್ಲ” ಎಂದರು. ಮಾವ ತಾವೇ ಬಂದು ಸೌಟಿನಿಂದ ತುಂಡು ಬಡಿಸಿದರು. ಅಣ್ಣ ತಿಂದ. ಅವರ ಮುಖ ನೋಡಿ ತಿಂದ. ನಾನು ಎದುರಿನ ಸಾಲಿನಲ್ಲಿದ್ದೆ, ಅವನ ಹಣೆಯಲ್ಲಿ ಬೆವರು ಬಂದದ್ದು ಕಂಡಿತು, ಏಳು ಎಂದು ಕಣ್ಣಲ್ಲೇ ಹೇಳಿದೆ. ಅವನು ಏಳಲಿಲ್ಲ. ಸಾಲಿನ ತಲೆಗೆ ಕೂತ ನಿಮ್ಮ ಅಜ್ಜಯ್ಯ ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಹಿರಿಯರು ಕೈ ತೊಳೆಯಲು ಏಳುವ ಮೊದಲು ಅಳಿಯ ಎದ್ದರೆ ಪಂಕ್ತಿ ಮುರಿದ ಹಾಗೆ, ಹೆಂಡತಿಯ ತವರಿಗೆ ಅವಮಾನ. ಅಷ್ಟಕ್ಕಾಗಿ ಕೂತ. ಅಜ್ಜಯ್ಯನಿಗೆ ಹಲ್ಲಿಲ್ಲ, ನಿಧಾನ. ಎಲ್ಲರೂ ಎದ್ದಾಗ ಅಣ್ಣ ಮಾತ್ರ ಕೂತೇ ಇದ್ದ. ಏಳುವ ಹಾಗೆ ಇರಲಿಲ್ಲ. ಬಿಳಿ ಪಂಚೆ. ಆಮೇಲೆ ಎಲ್ಲರೂ ನೋಡಿದರು.

ನಾನೇ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನೀರು ಹಾಕಿದೆ. ಅಡಿಗೆಯವನ ಪಂಚೆ ಉಟ್ಟುಕೊಂಡು, ಯಾರಿಗೂ ಹೇಳದೆ ಗದ್ದೆಯ ಮೇಲೆ ಹಾದು ರಸ್ತೆಗೆ ಹೊರಟುಬಿಟ್ಟ. ನಿಮ್ಮನ್ನು ಕರೆಯಲಿಲ್ಲ. ಕರೆಯಲಿಲ್ಲವೆಂದು ನೀವು ಅಂದುಕೊಂಡಿರಿ, ಅವಳು ಹಿಂದೆ ಬರಲಿಲ್ಲವೆಂದು ಅವನು ಅಂದುಕೊಂಡ. ಮಾವ, “ಹೊಟ್ಟೆಯೊಳಗೆ ದೊಡ್ಡ ಕಾಯಿಲೆ ಇಟ್ಕೊಂಡು ಆಪರೇಷನ್ ಕಥೆ ಕಟ್ತಾರೆ, ಮಗಳನ್ನ ಕಳಿಸಲ್ಲ” ಎಂದರಂತೆ. ನಿಮ್ಮೂರಿನ ಯಮುನಮ್ಮ ಅತ್ತೆ ನಮ್ಮ ಬಸ್ಸಿನಲ್ಲೇ ಕೂತು ಇದನ್ನು ಪಕ್ಕದವರಿಗೆ ಹೇಳುತ್ತಿದ್ದರು, ನಾನು ಟಿಕೆಟ್ ಹರಿಯುತ್ತಾ ಕೇಳಿದೆ. ನಿಮ್ಮ ಮಾತು ಮಾತ್ರ ಇಲ್ಲಿಯವರೆಗೆ ನಮಗೆ ಯಾರಿಂದಲೂ ಬಂದಿಲ್ಲ.

ಹೋದ ತಿಂಗಳು ಘಟ್ಟದ ಕೆಳಗಿನ ಆಸ್ಪತ್ರೆಗೆ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಕಣ್ಣು ಹಳದಿಯಾಗಿತ್ತು, ಮಂಡಿ ಹಿಡಿದುಕೊಂಡಿತ್ತು. ಅಲ್ಲಿಯ ಡಾಕ್ಟರು ಬಹಳ ಹೊತ್ತು ನೋಡಿ ಹೇಳಿದರು, ಲಿವರ್ ಕೆಡುತ್ತಿದೆ, ಬೊಂಬಾಯಿಯಲ್ಲಿ ಹೊಲಿದದ್ದನ್ನು ಬಿಚ್ಚಿ ಕರುಳನ್ನು ಮೊದಲಿನಂತೆ ಜೋಡಿಸಬೇಕು, ಬೇಗ ಮಾಡಿದರೆ ಬದುಕುತ್ತಾನೆ. ಆದರೆ ಮೈ ಮತ್ತೆ ಬರುತ್ತದೆ, ಮೊದಲಿನಷ್ಟೇ ಬರಬಹುದು ಎಂದರು. ಅಣ್ಣ ನಕ್ಕ. “ಆ ಮನ್ಷನ್ನ ಎಷ್ಟು ಕಷ್ಟಪಟ್ಟು ಬೊಂಬಾಯಲ್ಲಿ ಬಿಟ್ಟು ಬಂದಿದ್ದೀನಿ ಡಾಕ್ಟ್ರೇ. ಮತ್ತೆ ಹೊತ್ಕೊಂಡು ಬಾ ಅಂತೀರಲ್ಲ” ಎಂದ. ಅಲ್ಲಿಂದ ಎದ್ದು ಬಂದ. ಅವ್ವ ಅತ್ತಳು, ನಾನು ಬೈದೆ, ಕಾಲು ಹಿಡಿದೆ. ಕೊನೆಗೆ ಒಂದು ದಿನ ಗಿರಣಿಯಲ್ಲಿ ಹೇಳಿದ, “ಆ ಮೈ ಪಕ್ಕ ನಿಂತು ಅವ್ಳು ತಲೆ ತಗ್ಗಿಸಿದ್ದು ಸಾಕು ಕಣೋ.”

ಇದನ್ನು ಅವನು ಎಲ್ಲಿಂದ ತಂದನೆಂದು ನನಗೆ ಗೊತ್ತು. ಸಾಗರದ ಸ್ಟುಡಿಯೋದಲ್ಲಿ ನಿಮ್ಮಿಬ್ಬರ ಫೋಟೋ ತೆಗೆಸಲು ಹೋದಾಗ ನಾನೂ ಬಂದಿದ್ದೆ. ಫೋಟೋದವನು ನಿಮ್ಮನ್ನು ಮುಂದೆ ನಿಲ್ಲಿಸಿ, “ಯಜಮಾನ್ರು ಅರ್ಧ ಮುಚ್ಚಿಹೋಗ್ಲಿ, ಫೋಟೋ ಚೆಂದ ಬರುತ್ತೆ” ಎಂದ. ನೀವು ತಲೆ ತಗ್ಗಿಸಿಕೊಂಡೇ, “ಅವ್ರು ಪೂರ್ತಿ ಬರ್ಲಿ, ನಾನು ಸ್ವಲ್ಪ ಬಂದ್ರೆ ಸಾಕು” ಅಂದಿರಿ. ನನಗೆ ಆ ಮಾತು ಕೇಳಿಸಿತು. ಅಣ್ಣನಿಗೆ ನಿಮ್ಮ ತಗ್ಗಿದ ತಲೆ ಮಾತ್ರ ಕಂಡಿತು. ನಾನು ಎಷ್ಟು ಸಲ ಹೇಳಿದರೂ, “ಅವಳು ಒಳ್ಳೆಯವ್ಳು, ಅದ್ಕೇ ಹಂಗಂದ್ಲು” ಎನ್ನುತ್ತಾನೆ.

ನಿಮ್ಮನ್ನು ದೂರುತ್ತಿಲ್ಲ ಅತ್ತಿಗೆಮ್ಮಾ. ಅಪ್ಪಯ್ಯನ ಮನೆಯಲ್ಲಿ ಅಪ್ಪಯ್ಯನ ಮಾತು ಮೀರುವುದು ಎಷ್ಟು ಕಷ್ಟವೆಂದು ಬಲ್ಲೆ. ಇವತ್ತು ನನಗೆ ರಜ, ಅವ್ವ ಕಣದಲ್ಲಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬರೆದೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮಾವನಿಗೂ ಅಜ್ಜಯ್ಯನಿಗೂ ನನ್ನ ನಮಸ್ಕಾರ ಹೇಳಿ, ತಮ್ಮನಿಗೂ ಅವನ ಹೆಂಡತಿಗೂ ಪ್ರೀತಿ. ಅವ್ವ ದಿನಾ ದೀಪ ಹಚ್ಚುವಾಗ ನಿಮ್ಮ ಹೆಸರು ಹೇಳಿ ಕೈ ಮುಗಿಯುತ್ತಾಳೆ. ಅದನ್ನೇ ಅವಳ ಆಶೀರ್ವಾದವೆಂದು ತಿಳಿಯಿರಿ.

ನಿಮ್ಮ ಮೈದುನ,
ರತ್ನಾಕರ

ತಾ.ಕ.: ಒಂದು ವಿಷಯ ಮೇಲೆ ಬರೆಯಲು ಕೈ ಬರಲಿಲ್ಲ. ಈಚೆಗೆ ಅಣ್ಣನ ಹೊಟ್ಟೆ ತುಂಬಿಕೊಳ್ಳುತ್ತಿದೆ. ಗಿರಣಿಗೆ ಬಂದವರೆಲ್ಲ, “ದುಗ್ಗಪ್ಪ ಮತ್ತೆ ಮೈ ಹಿಡೀತಿದ್ದಾನೆ” ಎನ್ನುತ್ತಾರೆ. ಇಲ್ಲಿಯ ಡಾಕ್ಟರು ಬೆರಳಿನಿಂದ ತಟ್ಟಿ ನೋಡಿ ನನ್ನನ್ನು ಹೊರಗೆ ಕರೆದು ಹೇಳಿದರು, ಅದು ಮಾಂಸ ಅಲ್ಲ, ಲಿವರ್ ಕೆಟ್ಟು ಸೇರುತ್ತಿರುವ ನೀರು. ಈ ತಿಂಗಳು ದಾಟಿದರೆ ಆಪರೇಷನ್ ಮಾಡಲೂ ಆಗುವುದಿಲ್ಲವಂತೆ. ಅಣ್ಣನಿಗೂ ಗೊತ್ತು. ನೀವು ಬರಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಬರಲಾಗದಿದ್ದರೆ ಅವನಿಗೆ ಒಂದು ಸಾಲು ಬರೆಯಿರಿ, ಜೋಡಿಸಿಕೊಳ್ಳಿ, ದಪ್ಪವಾದರೆ ಆಗಲಿ ಎಂದು. ನೀವು ಹೇಳಿದರೆ ಮಾತ್ರ ಅವನು ಹೂಂ ಎನ್ನುತ್ತಾನೆ. ಅವ್ವನಿಗೆ ನೀರಿನ ವಿಷಯ ಹೇಳಿಲ್ಲ, ನೀವೂ ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಅವಳು ಮಗ ಗುಣವಾಗುತ್ತಿದ್ದಾನೆಂದು ತಿಳಿದು, ಇವತ್ತು ಬೆಳಿಗ್ಗೆ ಅವನ ಹಳೆಯ ದೊಡ್ಡ ಅಂಗಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದಾಳೆ.